ಆಟೊಮ್ಯಾಟಿಕ್ ಕಾರ್ ವಾಶ್: ಬ್ರಶ್ಶಿಗಿಂತ ಒರೆಸುವ ಬಟ್ಟೆಯ ಮೇಲೆ ಕಣ್ಣಿಡಿ

ಪೆಟ್ರೋಲ್ ಬಂಕ್ ಪಕ್ಕದ ಶೆಡ್ಡಿನಲ್ಲಿ ಹಳಿ ಮೇಲೆ ಹಿಂದೆ ಮುಂದೆ ಓಡಾಡುವ ಕಮಾನು, ಎರಡೂ ಬದಿಗೆ ನಿಂತ ಬ್ರಶ್ಶು, ಮೇಲೊಂದು ಅಡ್ಡ ಬ್ರಶ್ಶು. ಕಾರು ಒಳಗೆ ನಿಲ್ಲಿಸಿದರೆ ಸುಮಾರು ಹತ್ತು ನಿಮಿಷದಲ್ಲಿ ತೊಳೆದು, ಗಾಳಿ ಊದಿ ಹೊರಗೆ ಬಿಡುತ್ತದೆ. ಬೆಂಗಳೂರಿನಂಥ ಊರಲ್ಲಿ ಗಾಡಿಯ ಗಾತ್ರ ನೋಡಿಕೊಂಡು ಸಾಮಾನ್ಯವಾಗಿ 300ರಿಂದ 600 ರೂಪಾಯಿ ತೆಗೆದುಕೊಳ್ಳುತ್ತಾರೆ. ಇದರ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಮೆಷಿನ್ನಿಗೆ ಹಾಕಿದರೆ ಪೇಂಟ್ ಹಾಳಾದ ಹಾಗೇ ಲೆಕ್ಕ ಅನ್ನುವುದು ಒಂದು. ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಬಳಿಯುವ ತೆಳು ರಕ್ಷಣಾ ಪದರ, ಮಾಡಿಸಿಬಿಟ್ಟರೆ ಯಾವ ಮೆಷಿನ್ನಿಗೆ ಬೇಕಾದರೂ ಹಾಕಬಹುದು ಅನ್ನುವುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು, ಅದೂ ದುಬಾರಿ ಸುಳ್ಳು.

ಬಣ್ಣ ಎಷ್ಟು ತೆಳ್ಳಗಿದೆ ಅನ್ನುವುದರಿಂದ ಶುರು ಮಾಡೋಣ. ತಗಡಿನ ಮೇಲೆ ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಕಂಪನಿಯಿಂದ ಬಂದ ಕಾರಿನಲ್ಲಿ ನಾಲ್ಕೂ ಸೇರಿ ಸುಮಾರು 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50, ಅಂದರೆ ಒಂದು ತಲೆಗೂದಲಿಗಿಂತ ತೆಳು. ಹೊಳಪು ಇರುವುದು ಇದರಲ್ಲೇ, ಬಿಸಿಲಿನ ಯುವಿ ಕಿರಣ ತಡೆಯುವ ವಸ್ತು ಇರುವುದೂ ಇದರಲ್ಲೇ. ಇನ್ನು ರಸ್ತೆಯ ಧೂಳಿನ ವಿಷಯ. ಅದರಲ್ಲಿ ಸಣ್ಣ ಮರಳಿನ ಕಣ ಇದ್ದೇ ಇರುತ್ತದೆ. ಮರಳಿನಲ್ಲಿರುವ ಸ್ಫಟಿಕ ಶಿಲೆ 1ರಿಂದ 10ರವರೆಗಿನ ಗಡಸುತನದ ಮೋಸ್ ಅಳತೆಯಲ್ಲಿ 7ರಲ್ಲಿದೆ. ಚಾಕುವಿನ ಉಕ್ಕನ್ನೇ ಗೀಚುವ ವಸ್ತು, ಕ್ಲಿಯರ್ ಕೋಟ್ ಯಾವ ಲೆಕ್ಕ? ಬ್ರಶ್ಶಿನ ಪ್ಲಾಸ್ಟಿಕ್ ಎಳೆ ತಾನಾಗಿ ಗೀಚುವುದು ಕಡಿಮೆ. ಆ ಎಳೆಯ ತುದಿಗೋ ಒರೆಸುವ ಬಟ್ಟೆಗೋ ಸಿಕ್ಕಿಕೊಂಡ ಮರಳು ಗೀಚುತ್ತದೆ. ಹಾಗಾಗಿ ವಾಶ್ ಸೆಂಟರ್ ಒಂದನ್ನು ಅಳೆಯುವಾಗ ನೋಡಬೇಕಾದ್ದು ಎರಡು: ಬ್ರಶ್ ಮುಟ್ಟುವ ಮೊದಲು ಧೂಳು ಎಷ್ಟು ಇಳಿಯುತ್ತದೆ, ಕೊನೆಗೆ ಒರೆಸುವುದು ಯಾವುದರಿಂದ.

ಗೀರು ಎಲ್ಲಿಂದ ಬಂತು

ಇದನ್ನು ಗೀರೇ ಹೇಳುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ಮೇಲೆ ಹಿಡಿದರೆ ಬೆಳಕಿನ ಸುತ್ತ ಜೇಡರಬಲೆಯ ಹಾಗೆ ಸುತ್ತು ಸುತ್ತಾದ ಗೀರುಗಳು ಕಾಣುತ್ತವೆ. ಇವಕ್ಕೇ ಸ್ವರ್ಲ್ ಮಾರ್ಕ್ ಅನ್ನುವುದು. ಅವು ನಿಜವಾಗಿ ಸುತ್ತಾಗಿ ಇರಬೇಕೆಂದಿಲ್ಲ. ಎಲ್ಲ ದಿಕ್ಕಿನ ಗೀರುಗಳಲ್ಲಿ ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆದು ವೃತ್ತದಂತೆ ತೋರುತ್ತವೆ. ನಿಜವಾದ ದಿಕ್ಕು ತಿಳಿಯಬೇಕಾದರೆ ಟಾರ್ಚನ್ನು ಬೇರೆ ಬೇರೆ ಕೋನದಿಂದ ಓರೆಯಾಗಿ ಹಿಡಿದು ನೋಡಬೇಕು.

ಬಾಗಿಲ ಮೇಲೆ ನೆಲಕ್ಕೆ ಸಮಾನಾಂತರವಾಗಿ ಮುಂದಿನಿಂದ ಹಿಂದಕ್ಕೆ ಉದ್ದುದ್ದ ಗೆರೆಗಳಿದ್ದರೆ ಅದು ಬದಿಯ ಬ್ರಶ್ಶಿನ ಕೆಲಸ. ಅದು ನೆಟ್ಟಗೆ ನಿಂತು ಗಿರಕಿ ಹೊಡೆಯುತ್ತದೆ, ಎಳೆಗಳ ತುದಿ ಅಡ್ಡಕ್ಕೆ ಸವರುತ್ತದೆ. ಬಾನೆಟ್ಟು, ಟಾಪ್ ಮೇಲೆ ಮುಂದಿನಿಂದ ಹಿಂದಕ್ಕೆ ನೇರ ಗೆರೆ ಇದ್ದರೆ ಮೇಲಿನ ಅಡ್ಡ ಬ್ರಶ್ಶು. ಯಾವ ದಿಕ್ಕೂ ಇಲ್ಲದೆ ಕಮಾನು ಕಮಾನಾಗಿ, ಕೈ ಆಡಿಸುವಷ್ಟು ಅಗಲದಲ್ಲಿ ಇದ್ದರೆ ಅದು ಬಟ್ಟೆ. ಯಾವತ್ತೂ ಮೆಷಿನ್ ಕಾಣದ ಕಾರುಗಳಲ್ಲೂ ಈ ಮೂರನೇ ಜಾತಿಯ ಗೀರು ಧಾರಾಳ. ಅಪಾರ್ಟ್‌ಮೆಂಟುಗಳಲ್ಲಿ ತಿಂಗಳ ಲೆಕ್ಕದಲ್ಲಿ ಬೆಳಗ್ಗೆ ಬೆಳಗ್ಗೆ ಕಾರು ಒರೆಸುವ ಪದ್ಧತಿ ಇದೆಯಲ್ಲ, ಒಂದು ಬಕೆಟ್ ನೀರು, ಒಂದು ಬಟ್ಟೆ, ಇಪ್ಪತ್ತು ಕಾರು. ಬಣ್ಣದ ದೃಷ್ಟಿಯಿಂದ ಇದರಷ್ಟು ಕೆಟ್ಟ ಸೇವೆ ಬೇರೊಂದಿಲ್ಲ. ಮಾಡುವವರ ತಪ್ಪಲ್ಲ ಅದು, ಅಷ್ಟು ದುಡ್ಡಿಗೆ ಅಷ್ಟೇ ನೀರು ಸಿಗುವುದು. ಒರೆಸುವವರಿಗೆ ದಿನಾ ಬಾಡಿ ಮುಟ್ಟಬೇಡಿ, ಗಾಜು ಮತ್ತು ಒಳಗಡೆ ಮಾತ್ರ ಮಾಡಿ ಎಂದು ಹೇಳಿ, ಅದೇ ಸಂಬಳ ಕೊಡುವುದು ಅತ್ಯಂತ ಅಗ್ಗದ ಪೇಂಟ್ ಪ್ರೊಟೆಕ್ಷನ್.

ಮೆಷಿನ್ ಒಳಗೆ ನಡೆಯುವುದು

ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲು ನೀರಿನ ಸಿಂಪಡಣೆ, ಆಮೇಲೆ ಶಾಂಪೂ ನೊರೆ, ಆಮೇಲೆ ಬ್ರಶ್ಶು, ಮತ್ತೆ ನೀರು, ಬೇಕಾದರೆ ವ್ಯಾಕ್ಸ್, ಕೊನೆಗೆ ಬ್ಲೋವರ್. ಇದರಲ್ಲಿ ಸೋಲುವುದು ಮೊದಲ ಹಂತ. ಕಮಾನಿನ ನಳಿಕೆಯಿಂದ ಬರುವ ನೀರು ಕಾರನ್ನು ನೆನೆಸುತ್ತದೆ ಅಷ್ಟೇ, ಬಾಗಿಲ ಕೆಳಭಾಗ, ವೀಲ್ ಆರ್ಚ್, ಹಿಂದಿನ ಬಂಪರಿನ ಅಡಿ ಅಂಟಿದ ಒಣ ಕೆಸರನ್ನು ಕೀಳುವುದಿಲ್ಲ. ಕೀಳದ ಕೆಸರನ್ನು ಬ್ರಶ್ಶು ಹೊತ್ತುಕೊಂಡು ಬಾಗಿಲ ಉದ್ದಕ್ಕೂ ಹಚ್ಚುತ್ತದೆ. ಒಳ್ಳೆಯ ಸೆಂಟರಿನಲ್ಲಿ ಮೆಷಿನ್ ಚಾಲೂ ಆಗುವ ಮೊದಲೇ ಒಬ್ಬರು ಪ್ರೆಶರ್ ಗನ್ ಹಿಡಿದು ಗಾಡಿ ಸುತ್ತ ಎರಡು ಮೂರು ನಿಮಿಷ ಹೊಡೆಯುತ್ತಾರೆ, ಕೆಳಭಾಗಕ್ಕೆ ಹೆಚ್ಚು ಹೊತ್ತು. ಗನ್ ಹೊಡೆಯದೆ ನೇರ ಒಳಗೆ ಕಳಿಸುವ ಕಡೆ ಧೂಳು ಹಿಡಿದ ಕಾರನ್ನು ಬಿಡಲೇಬೇಡಿ. ಎರಡು ದಿನದ ತೆಳು ಧೂಳಾದರೆ ಪರವಾಗಿಲ್ಲ. ಘಾಟಿ ಇಳಿದು ಬಂದ, ಕೆಮ್ಮಣ್ಣು ಮೆತ್ತಿದ ಗಾಡಿಯಾದರೆ ಬೇಡ.

ಬ್ರಶ್ಶಿನ ಜಾತಿ ಮುಖ್ಯ. ಹಳೆಯವು ಪಾಲಿಥಿಲೀನ್ ಎಳೆಯವು, ಪೊರಕೆಕಡ್ಡಿಯಷ್ಟು ಬಿರುಸು. ಎಳೆಯ ತುದಿ ಸೀಳಿಕೊಂಡಷ್ಟೂ ಅಲ್ಲಿ ಮಣ್ಣು ಕೂರುತ್ತದೆ. ಬಟ್ಟೆಯ ಪಟ್ಟಿಗಳಿರುವವು ಮೆತ್ತಗಿರುತ್ತವೆ, ಆದರೆ ನೀರಿನ ಜೊತೆ ಮರಳನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಈಗಿನ ಹೊಸ ಮೆಷಿನ್ನುಗಳಲ್ಲಿ ಬರುವ ಫೋಮ್ ಪಟ್ಟಿ, ಅಂದರೆ ಚಪ್ಪಲಿ ಅಟ್ಟೆಯಲ್ಲಿ ಬಳಸುವ ಇವಿಎ ಥರದ್ದು, ಇವೆರಡಕ್ಕಿಂತ ವಾಸಿ. ಅದರ ರಂಧ್ರಗಳು ಮುಚ್ಚಿರುವುದರಿಂದ ನೀರೂ ಮಣ್ಣೂ ಒಳಗಿಳಿಯುವುದಿಲ್ಲ, ತೊಳೆದರೆ ಜಾರಿಹೋಗುತ್ತದೆ. ಕೌಂಟರಿನಲ್ಲಿ ಕೇಳುವುದಕ್ಕಿಂತ ಬ್ರಶ್ಶು ನಿಂತಿರುವಾಗ ಕೈಯಿಂದ ಮುಟ್ಟಿ ನೋಡಲು ಕೇಳಿ. ಒಂದು ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ಬೆರಳಿಗೆ ಕರಕರ ಸಿಕ್ಕಿದರೆ ವಾಪಸ್ ಬನ್ನಿ. ಮುಟ್ಟಲು ಬಿಡದಿದ್ದರೂ ವಾಪಸ್ ಬನ್ನಿ.

ನಿಮಗಿಂತ ಮುಂದೆ ಯಾವ ಗಾಡಿ ಹೋಯಿತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಸರು ಮೆತ್ತಿದ ಜೀಪಿನ ಹಿಂದೆ ಕಪ್ಪು ಸೆಡಾನ್ ಹೋಗಬಾರದು. ಮಳೆ ನಿಂತ ಮರುದಿನ ಭಾನುವಾರದ ಸಾಲು ಬೇಡ, ವಾರದ ಮಧ್ಯೆ ಬೆಳಗ್ಗೆ ಹೋಗುವುದು ಮೇಲು. ನೀರು ಮರುಬಳಕೆ ಮಾಡುವ ಸೆಂಟರುಗಳಲ್ಲಿ ಇನ್ನೊಂದು ಕೇಳಬೇಕು: ಕೊನೆಯ ಜಾಲಾಟಕ್ಕೆ ಹೊಸ ನೀರೋ, ಸೋಸಿದ ಹಳೆ ನೀರೋ? ಮೊದಲ ಹಂತಗಳಿಗೆ ಮರುಬಳಕೆ ನೀರು ಸರಿ, ಊರಿಗೂ ಒಳ್ಳೆಯದು. ಕೊನೆಯದು ಮಾತ್ರ ಶುದ್ಧವಾಗಿರಬೇಕು.

300ರ ಪ್ಯಾಕೇಜಿನ ಮೇಲೆ ನೂರಿನ್ನೂರು ಸೇರಿಸಿ ಕೊಡುವ 'ಹಾಟ್ ವ್ಯಾಕ್ಸ್' ಬಗ್ಗೆ: ಅದು ಡಬ್ಬಿಯಲ್ಲಿ ಸಿಗುವ ವ್ಯಾಕ್ಸ್ ಅಲ್ಲ. ನೀರು ಹನಿಗಟ್ಟಿ ಬ್ಲೋವರ್ ಗಾಳಿಗೆ ಬೇಗ ಹಾರಲಿ ಎಂದು ಹಾಕುವ ದ್ರವ. ಹೆಚ್ಚೆಂದರೆ ಮುಂದಿನ ವಾಶ್‌ವರೆಗೆ ಇರುತ್ತದೆ. ಆದರೂ ಬ್ಲೋವರ್‌ನಲ್ಲೇ ಕಾರು ಒಣಗಿ ಹೊರಬರುವಂತಿದ್ದರೆ ತೆಗೆದುಕೊಳ್ಳಿ, ಏಕೆಂದರೆ ಆಗ ಬಟ್ಟೆ ಹಾಕುವ ಪ್ರಮೇಯ ಇರುವುದಿಲ್ಲ. ವ್ಯಾಕ್ಸ್ ಹಾಕಿಸಿಯೂ ಕೊನೆಗೆ ಬಟ್ಟೆಯಲ್ಲೇ ಒರೆಸುತ್ತಾರೆ ಅಂದರೆ ಆ ದುಡ್ಡು ದಂಡ.

ಆ ಬಟ್ಟೆಯ ವಿಷಯಕ್ಕೇ ಬರೋಣ. ಮೆಷಿನ್ ಎಷ್ಟು ಲಕ್ಷದ್ದಾದರೂ ಹೊರಬಾಗಿಲಲ್ಲಿ ಇಬ್ಬರು ಹುಡುಗರು ಒದ್ದೆ ಬಟ್ಟೆ ಹಿಡಿದು ನಿಂತಿರುತ್ತಾರೆ. ಹಳದಿ ಶ್ಯಾಮಿ, ಇಲ್ಲವೇ ಬನಿಯನ್ ವೇಸ್ಟು. ಮೊದಲು ರಿಮ್ಮು, ಅದೇ ಬಟ್ಟೆಯಲ್ಲಿ ಬಾಗಿಲ ಅಂಚು, ಅದೇ ಬಟ್ಟೆಯಲ್ಲಿ ಬಾನೆಟ್ಟು. ರಿಮ್ಮಿನ ಮೇಲಿರುವುದು ಬ್ರೇಕ್ ಪ್ಯಾಡ್ ಸವೆದ ಲೋಹದ ಪುಡಿ. ಮೆಷಿನ್ ಮಾಡದ ಗೀರನ್ನು ಕೊನೆಯ ಎರಡು ನಿಮಿಷ ಮಾಡುತ್ತದೆ. ಡಿಕ್ಕಿಯಲ್ಲಿ ಒಂದು ಸ್ವಂತ ಮೈಕ್ರೋಫೈಬರ್ ಟವೆಲ್ ಇಟ್ಟುಕೊಂಡು, "ಅಣ್ಣ, ಒರೆಸೋದು ಬೇಡ, ಹಾಗೇ ಬಿಡಿ" ಎಂದು ಹೇಳಿ ನೀವೇ ಒತ್ತಿ ತೆಗೆಯಿರಿ. ಟಿಪ್ಸ್ ಕೊಟ್ಟೇ ಹೇಳಿ, ಇಲ್ಲದಿದ್ದರೆ ಮುಂದಿನ ಸಲ ಮುಖ ತಿರುಗಿಸುತ್ತಾರೆ.

ಒಳಗೆ ಹೋಗುವ ಮೊದಲು ಕನ್ನಡಿ ಮಡಿಸಿ, ತಿರುಗಿಸಿ ತೆಗೆಯುವ ಆಂಟೆನಾ ಇದ್ದರೆ ಬಿಚ್ಚಿ, ಮಳೆ ಗುರುತಿಸಿ ತಾನೇ ಓಡುವ ವೈಪರ್ ಇದ್ದರೆ ಆಫ್ ಮಾಡಿ. ಇದನ್ನು ಮರೆತರೆ ವೈಪರ್ ಬ್ರಶ್ಶಿಗೆ ಸಿಕ್ಕಿ ಮುರಿಯಬಹುದು. ಪೆಟ್ರೋಲ್ ಮುಚ್ಚಳ ಒತ್ತಿದರೆ ತೆರೆಯುವಂಥದ್ದಾದರೆ ಡೋರ್ ಲಾಕ್ ಮಾಡಿರಬೇಕು. ಹಿಂಬಾಗಿಲಿಗೆ ಸ್ಟೆಪ್ನಿ ತೂಗುಹಾಕಿದ ಗಾಡಿ, ರೂಫ್ ಕ್ಯಾರಿಯರ್, ಆಮೇಲೆ ಕೂರಿಸಿದ ಸ್ಪಾಯ್ಲರ್ ಇದ್ದರೆ ಆಪರೇಟರಿಗೆ ಮೊದಲೇ ಹೇಳಿ. ಮೇಲಿನ ಬ್ರಶ್ಶು ಬಿಟ್ಟು ತೊಳೆಯುವ ಪ್ರೋಗ್ರಾಂ ಇದ್ದರೆ ಹಾಕುತ್ತಾರೆ, ಇಲ್ಲದಿದ್ದರೆ ಅದು ನಿಮ್ಮ ಗಾಡಿಗೆ ಆಗುವ ಮೆಷಿನ್ ಅಲ್ಲ.

ಟಚ್‌ಲೆಸ್ ಮತ್ತು ಮೂಲೆಯಂಗಡಿಯ ಫೋಮ್ ವಾಶ್

ಬ್ರಶ್ಶೇ ಇಲ್ಲದ ಟಚ್‌ಲೆಸ್ ಮೆಷಿನ್ ಗೀಚುವುದಿಲ್ಲ, ಅದು ಖಂಡಿತ. ಆದರೆ ಉಜ್ಜುವ ಕೆಲಸವನ್ನು ಕೆಮಿಕಲ್ ಮಾಡಬೇಕಾಗುತ್ತದೆ, ಆದ್ದರಿಂದ ಅಲ್ಲಿನ ಸೋಪು ಕ್ಷಾರ ಜಾಸ್ತಿ ಇರುವಂಥದ್ದು. ಕಾರಿನ ಮೇಲಿನ ವ್ಯಾಕ್ಸ್ ಕೆಲವೇ ವಾಶ್‌ಗಳಲ್ಲಿ ಹೋಗುತ್ತದೆ, ಪೇಂಟ್ ಮಾಡದ ಕಪ್ಪು ಪ್ಲಾಸ್ಟಿಕ್ ಬಿಳಚಿಕೊಳ್ಳುತ್ತದೆ. ಜೊತೆಗೆ, ಬೆರಳಿಟ್ಟರೆ ಕಾಣುವಂಥ ತೆಳು ಪೊರೆ ಉಳಿದೇ ಉಳಿಯುತ್ತದೆ. ಗಾಢ ಬಣ್ಣದ ಕಾರಿಗೆ ಎರಡು ಮೂರು ಟಚ್‌ಲೆಸ್ ನಡುವೆ ಒಮ್ಮೆ ಕೈವಾಶ್ ಎಂದು ಇಟ್ಟುಕೊಂಡರೆ ಸರಿಯಾದ ಹೊಂದಾಣಿಕೆ.

ಮೂಲೆಯ ವಾಟರ್ ವಾಶ್ ಅಂಗಡಿ ಎಂದರೆ ಬೇರೆಯೇ ಲೋಕ. ಗಾಡಿ ಎತ್ತುವ ಲಿಫ್ಟು ಇರುತ್ತದೆ, ಅಡಿ ತೊಳೆಯುತ್ತಾರೆ, ಈ ಕೆಲಸದಲ್ಲಿ ಬಂಕಿನ ಮೆಷಿನ್ ಇವರ ಹತ್ತಿರಕ್ಕೂ ಬರುವುದಿಲ್ಲ. ಮಲೆನಾಡು, ಕರಾವಳಿ ಗಾಡಿಗಳಿಗೆ ಇದು ಬೇಕೇಬೇಕು. ಮಂಗಳೂರು ಕಡೆಯ ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯುವುದೇ ಅಡಿ. ಬೇಡದಿರುವುದು ಮೂರು. ಒಂದು, ಲೀಟರ್ ಲೆಕ್ಕದ ಅಗ್ಗದ ಸೋಪ್ ಆಯಿಲ್. ಎರಡು, ಅಡಿಗೆ ಹೊಡೆಯುವ ಡೀಸೆಲ್. ಅದು ಹೊಳೆಯುತ್ತದೆ ನಿಜ, ಆದರೆ ಸಸ್ಪೆನ್ಷನ್ನಿನ ರಬ್ಬರ್ ಬುಶ್ಶುಗಳು ಉಬ್ಬಿ ಹಾಳಾಗುತ್ತವೆ, ಮೇಲೆ ಧೂಳು ಮೆತ್ತಿಕೊಳ್ಳುತ್ತದೆ. ಮೂರು, ಪ್ರೆಶರ್ ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದು ಬಂಪರ್ ಅಂಚಿಗೆ, ಸ್ಟಿಕ್ಕರಿಗೆ ಹೊಡೆಯುವುದು. ಒಂದಡಿಗಿಂತ ಹತ್ತಿರ ಬರಬಾರದು, ಕಲ್ಲು ಬಡಿದು ಬಣ್ಣ ಚಕ್ಕೆ ಎದ್ದ ಜಾಗದಲ್ಲಂತೂ ಇನ್ನೂ ದೂರ. ಚಕ್ಕೆಯ ಅಂಚಿನಡಿ ನೀರು ನುಗ್ಗಿದರೆ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ.

ಮನೆಯಲ್ಲೇ ಮಾಡುವುದಾದರೆ

ಬಣ್ಣಕ್ಕೆ ಅತ್ಯಂತ ಕಡಿಮೆ ಹಾನಿ ಇದರಲ್ಲೇ, ಆದರೆ ಬೆಂಗಳೂರಲ್ಲಿ ಒಂದು ಷರತ್ತು ಇದೆ. 2024ರ ಮಾರ್ಚ್‌ನ ನೀರಿನ ಬವಣೆಯಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು, 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಕಾವೇರಿ ನಲ್ಲಿಗೆ ಪೈಪು ಸಿಕ್ಕಿಸುವ ಯೋಚನೆ ಬಿಡಿ.

ಬೋರ್‌ವೆಲ್ ಅಥವಾ ಸಂಗ್ರಹಿಸಿದ ಮಳೆನೀರು ಇದ್ದವರಿಗೆ ಕಾರ್ಚರ್ ಕೆ2 ಅಥವಾ ಬಾಷ್ ಯೂನಿವರ್ಸಲ್ ಅಕ್ವಾಟ್ಯಾಕ್ 125 ಮಟ್ಟದ ಪ್ರೆಶರ್ ವಾಷರ್ ಸಾಕು. ಮೊದಲನೆಯದರ ಗರಿಷ್ಠ ಒತ್ತಡ 110 ಬಾರ್, ಎರಡನೆಯದರದು 125. ನೀರು ಎರಡರಲ್ಲೂ ಗಂಟೆಗೆ ಗರಿಷ್ಠ 360 ಲೀಟರ್. ಅಂದರೆ ಗುಂಡಿ ಒತ್ತಿದ್ದು ಒಟ್ಟು ಹತ್ತು ನಿಮಿಷವಾದರೆ 60 ಲೀಟರ್, ಪೈಪು ಬಿಟ್ಟು ತೊಳೆಯುವುದಕ್ಕಿಂತ ಎಷ್ಟೋ ಕಡಿಮೆ. ಇದಕ್ಕಿಂತ ಹೆಚ್ಚು ಬಾರ್‌ಗೆ ದುಡ್ಡು ಹಾಕುವುದು ವ್ಯರ್ಥ. ಮೆಷಿನ್ ಜೊತೆ ಬರುವ ಪುಟ್ಟ ಫೋಮ್ ಬಾಟಲಿ ನೀರು ನೀರಾದ ನೊರೆ ಕೊಡುತ್ತದೆ. ಬೇರೆ ಫೋಮ್ ಕ್ಯಾನನ್ ಕೊಂಡು, ಒಳಗಿನ ರಂಧ್ರ 1.1 ಮಿಲಿಮೀಟರಿನದ್ದು ಇದೆಯೇ ನೋಡಿ. ಸಾಮಾನ್ಯವಾಗಿ ಬರುವ 1.25 ಮಿಲಿಮೀಟರಿನದ್ದು ಹೆಚ್ಚು ನೀರು ತಳ್ಳುವ ದೊಡ್ಡ ಮೆಷಿನ್ನಿಗೆ. ಒಂದು ಲೀಟರಿನ ಬಾಟಲಿಗೆ 80ರಿಂದ 100 ಮಿಲಿ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಶಾಂಪೂ ಹಾಕಿ ಉಳಿದದ್ದು ನೀರು. ನೆರಳಲ್ಲಿ, ಬಾನೆಟ್ ತಣ್ಣಗಾದ ಮೇಲೆ. ಮೊದಲು ಬರೀ ನೀರು ಹೊಡೆದು ಸಡಿಲ ಧೂಳು ಇಳಿಸಿ, ನೊರೆ ಹಾಕಿ ಮೂರ್ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲು ತೊಳೆಯಿರಿ. ಕೈ ಹಾಕುವುದು ಇದಾದ ಮೇಲೆ.

ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಜಾಲರಿ. ಮಿಟ್ಟನ್ನು, ಅಂದರೆ ತೊಳೆಯುವ ಮೆತ್ತನೆ ಕೈಗವಸನ್ನು, ಒಂದು ಪ್ಯಾನೆಲ್ ಆದೊಡನೆ ಬರೀ ನೀರಿನಲ್ಲಿ ಜಾಲರಿಗೆ ತಿಕ್ಕಿ ಜಾಲಾಡಿಸಿ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ, ನೇರ ಎಳೆತ, ಸುತ್ತಿಸುವಂತಿಲ್ಲ. ಬಾಗಿಲ ಕೆಳಗಿನ ಮೂರನೇ ಒಂದು ಭಾಗ ಕೊನೆಗೆ. ರಿಮ್ಮಿಗೆ ಬೇರೆ ಮಿಟ್ಟು. ಶಾಂಪೂಗಳಲ್ಲಿ ಮೆಗುಯರ್ಸ್ ಗೋಲ್ಡ್ ಕ್ಲಾಸ್ ಸುಲಭವಾಗಿ ಸಿಗುವ, ನಂಬಬಹುದಾದದ್ದು. 4 ಲೀಟರ್ ನೀರಿಗೆ ಸುಮಾರು 30 ಮಿಲಿ ಸಾಕು, ಜಾರಿಕೆ ಚೆನ್ನಾಗಿದೆ. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಬೇಡ, ಮೇಲಿನ ವ್ಯಾಕ್ಸನ್ನು ಅವು ಉಳಿಸುವುದಿಲ್ಲ.

ನೀರು ತೀರ ಕಡಿಮೆ ಇರುವವರಿಗೆ ರಿನ್ಸ್‌ಲೆಸ್ ವಾಶ್, ಅಂದರೆ ಕೊನೆಗೆ ಜಾಲಾಡಿಸದೆ ಒರೆಸಿಯೇ ಮುಗಿಸುವುದು. ಇದರಲ್ಲಿ ಹೆಸರಾದದ್ದು ಆಪ್ಟಿಮಮ್ ನೋ ರಿನ್ಸ್. 30 ಮಿಲಿಯನ್ನು ಏಳೂವರೆ ಲೀಟರ್ ನೀರಿಗೆ ಬೆರೆಸಿದರೆ ಒಂದು ಕಾರು ಮುಗಿಯುತ್ತದೆ. ಇದರಲ್ಲಿರುವ ಪಾಲಿಮರ್ ಧೂಳಿನ ಕಣವನ್ನು ಸುತ್ತಿಕೊಂಡು ಬಣ್ಣದಿಂದ ಎತ್ತಿ ಹಿಡಿಯುತ್ತದೆ. ಅದೇ ದ್ರಾವಣವನ್ನು ಸ್ಪ್ರೇ ಬಾಟಲಿಗೂ ತುಂಬಿಕೊಂಡು ಪ್ಯಾನೆಲ್ ಮೇಲೆ ಧಾರಾಳ ಹೊಡೆದು ಒಂದು ನಿಮಿಷ ಬಿಡಬೇಕು. ಆರೆಂಟು ಮೈಕ್ರೋಫೈಬರ್ ಬಟ್ಟೆ ಬಕೆಟ್ಟಿನಲ್ಲಿ ನೆನೆದಿರಲಿ. ಒಂದನ್ನು ನಾಲ್ಕಾಗಿ ಮಡಚಿ, ಒಂದು ಮುಖದಲ್ಲಿ ಒಂದೇ ಎಳೆತ, ಮಡಿಕೆ ತಿರುಗಿಸಿ ಹೊಸ ಮುಖ, ಎಲ್ಲ ಮುಖ ಕೊಳೆಯಾದರೆ ಬಟ್ಟೆ ಪಕ್ಕಕ್ಕೆ. ಮತ್ತೆ ಬಕೆಟ್ಟಿಗೆ ಹಾಕುವಂತಿಲ್ಲ. ಬೇಸ್‌ಮೆಂಟಿನಲ್ಲಿ ನಿಲ್ಲುವ ನಗರದ ಕಾರಿಗೆ ಇದು ಬಂಕಿನ ಬ್ರಶ್ಶಿಗಿಂತ, ಮೂಲೆಯಂಗಡಿಗಿಂತ ನಿಸ್ಸಂದೇಹವಾಗಿ ಉತ್ತಮ. ಕೆಸರು ಮೆತ್ತಿದ ಗಾಡಿಗೆ ಮಾತ್ರ ಇದು ಆಗದು. ಮೆಟ್ರೋ, ಕಟ್ಟಡ ಕಾಮಗಾರಿಯ ಸಿಮೆಂಟ್ ಧೂಳು ಗಟ್ಟಿಯಾಗಿ ಕೂತಿದ್ದರೂ ಆಗದು. ಸಿಮೆಂಟು ನೀರು ತಾಕಿದರೆ ಹೆಪ್ಪುಗಟ್ಟುತ್ತದೆ, ಮೊದಲು ಒಣಗಿದ್ದಾಗಲೇ ಬ್ಲೋವರ್ ಗಾಳಿಯಿಂದ ಹಾರಿಸಬೇಕು.

ಒರೆಸಲು 60×90 ಸೆಂಟಿಮೀಟರಿನ, 1,000 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮೇಲಿನ ಸುರುಳಿ ಎಳೆಯ ಟವೆಲ್ ಒಂದು ಸಾಕು. ಹಾಸಿ, ಅಂಗೈಯಿಂದ ತಟ್ಟಿ, ಎತ್ತಿ. ಕೆಳಗೆ ಬಿದ್ದ ಟವೆಲ್ ಆ ಕ್ಷಣದಿಂದ ರಿಮ್ಮಿನದು. ಬೇರೆ ಬಟ್ಟೆ ಜೊತೆ ಒಗೆಯಬಾರದು, ಹತ್ತಿ ನಾರು ಸಿಕ್ಕಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡಿಷನರ್ ಹಾಕಿದರೆ ನೀರು ಹೀರುವುದೇ ನಿಂತುಹೋಗುತ್ತದೆ.

ಬೋರ್‌ವೆಲ್ ನೀರು ಗಡಸು, ಒಣಗಲು ಬಿಟ್ಟರೆ ಸುಣ್ಣದ ಬಿಳಿ ಉಂಗುರಗಳು. ಆರ್‌ಓ ಫಿಲ್ಟರಿನ ವೇಸ್ಟ್ ನೀರು ಕೂಡಿಟ್ಟು ಕಾರು ತೊಳೆಯುವವರು ಬಹಳ ಮಂದಿ. ಒಳ್ಳೆಯ ಅಭ್ಯಾಸ, ಆದರೆ ಅದರಲ್ಲಿ ಲವಣಾಂಶ ಮೂಲ ನೀರಿಗಿಂತಲೂ ಜಾಸ್ತಿ. ಧೂಳು ಇಳಿಸಲು ಬಳಸಿ, ಕೊನೆಯ ಜಾಲಾಟಕ್ಕೆ ಎರಡು ಬಿಂದಿಗೆ ಮಳೆನೀರೋ ಫಿಲ್ಟರ್ ನೀರೋ ಇಟ್ಟುಕೊಳ್ಳಿ. ಉಂಗುರ ಹೊಸದಾಗಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒದ್ದೆ ಬಟ್ಟೆ ಒಂದು ನಿಮಿಷ ಹಾಸಿ ತೊಳೆದರೆ ಹೋಗುತ್ತದೆ. ಬಿಸಿಲಲ್ಲಿ ಕಾದು ಕ್ಲಿಯರ್ ಕೋಟನ್ನೇ ಕೊರೆದಿದ್ದರೆ ಪಾಲಿಶ್ ಬಿಟ್ಟು ಗತಿಯಿಲ್ಲ.

ವ್ಯಾಕ್ಸ್, ಸೆರಾಮಿಕ್, ಪಿಪಿಎಫ್

ಕಾರ್ನೌಬಾ ವ್ಯಾಕ್ಸ್ ನಮ್ಮ ಬಿಸಿಲಿಗೆ ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು. ಸ್ಪ್ರೇ ಸೀಲಂಟ್‌ಗಳು ಅದಕ್ಕಿಂತ ಲಾಭ. ಟರ್ಟಲ್ ವ್ಯಾಕ್ಸ್‌ನ ಹೈಬ್ರಿಡ್ ಸೊಲ್ಯೂಷನ್ಸ್ ಸೆರಾಮಿಕ್ ಸ್ಪ್ರೇ 473 ಮಿಲಿಯ ಬಾಟಲಿ, ಪ್ಯಾನೆಲ್‌ಗೆ ಎರಡು ಮೂರು ಸಲ ಸಿಂಪಡಿಸಿ ಹರಡಿ, ಒಣ ಬಟ್ಟೆಯಲ್ಲಿ ತಿಕ್ಕುವುದು, ಒಂದು ದಿನ ನೀರು ತಾಗಿಸದಿರುವುದು. ಬಾಟಲಿ ವರ್ಷದ ಮಾತಾಡುತ್ತದೆ. ವಾರಕ್ಕೊಮ್ಮೆ ತೊಳೆಯುವ ಕಾರಿಗೆ ಮೂರ್ನಾಲ್ಕು ತಿಂಗಳೆಂದು ಲೆಕ್ಕ ಹಾಕಿದರೆ ನಿರಾಸೆಯಿಲ್ಲ. ಹೆಚ್ಚು ಹೊಡೆದರೆ ಗೆರೆ ಗೆರೆಯಾಗಿ ನಿಲ್ಲುತ್ತದೆ, ಹೊಸಬರು ಮಾಡುವ ತಪ್ಪು ಇದೊಂದೇ. ಕೊಟ್ಟ ದುಡ್ಡಿಗೆ ಈ ಪಟ್ಟಿಯಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವ ವಸ್ತು ಇದು. ಧೂಳು ಗಟ್ಟಿಯಾಗಿ ಅಂಟದ್ದರಿಂದ ಗನ್ ನೀರಿಗೇ ಬಹುಪಾಲು ಇಳಿದು, ಬ್ರಶ್ಶಿಗೋ ಮಿಟ್ಟಿಗೋ ಸಿಕ್ಕುವ ಮರಳು ಕಡಿಮೆಯಾಗುತ್ತದೆ.

ಸ್ಟುಡಿಯೋದಲ್ಲಿ ಮಾಡುವ ಸೆರಾಮಿಕ್ ಕೋಟಿಂಗೂ ಮಾಡುವುದು ಇದನ್ನೇ, ಹೆಚ್ಚು ಕಾಲ. ಸಾಮಾನ್ಯ ಕಾರಿಗೆ 15,000ದಿಂದ 40,000ದವರೆಗೆ ಕೇಳುತ್ತಾರೆ. ಅಲ್ಲಿ ತೋರಿಸುವ '9ಎಚ್' ಪೆನ್ಸಿಲ್ ಗಡಸುತನದ ಅಳತೆ, ಮೋಸ್ ಅಳತೆಯ 9 ಅಲ್ಲ. ಮರಳು ಇದನ್ನೂ ಗೀಚುತ್ತದೆ. ಒಣಗಿದ ಮೇಲೆ ಈ ಪದರ ಒಂದೆರಡು ಮೈಕ್ರಾನ್. ಅಷ್ಟು ದಪ್ಪದ ವಸ್ತು ಬ್ರಶ್ಶಿನಿಂದ ಕಾಪಾಡುತ್ತದೆ ಎಂದು ಹೇಳಿ ಮಾರುವವರಿಂದ ದೂರ ಇರಿ. ಹಕ್ಕಿ ಹಿಕ್ಕೆ, ಮರದ ಅಂಟು, ಬಿಸಿಲಿಗೆ ತಡೆ ಬೇಕು, ತೊಳೆಯುವ ಕೆಲಸ ಹಗುರಾಗಬೇಕು ಎಂದಾದರೆ ಮಾಡಿಸಿ. ಮಾಡಿಸುವುದಾದರೆ ಕೋಟಿಂಗ್‌ಗೆ ಮೊದಲು, ಪಾಲಿಶ್ ಮುಗಿದ ಹಂತದಲ್ಲಿ ನಿಮ್ಮನ್ನು ಕರೆದು ಲೈಟ್ ಹಾಕಿ ತೋರಿಸಬೇಕೆಂದು ಮಾತು ತೆಗೆದುಕೊಳ್ಳಿ. ಪಾಲಿಶ್ ಸರಿಯಿಲ್ಲದೆ ಹಾಕಿದರೆ ಗೀರಿನ ಮೇಲೆ ಗಾಜು ಹಾಕಿ ಫ್ರೇಮ್ ಮಾಡಿಸಿದ ಹಾಗೆ. ಹಾಕಿದ ಮೇಲೆ ಒಂದು ವಾರ ವಾಶ್ ಬೇಡ.

ಗೀರನ್ನು ನಿಜಕ್ಕೂ ತಡೆಯುವುದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಒಂದೇ, ಬಣ್ಣದ ಮೇಲೆ ಅಂಟಿಸುವ 150ರಿಂದ 200 ಮೈಕ್ರಾನ್ ದಪ್ಪದ ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆ, ಕಾರಿನ ಪೂರ್ತಿ ಬಣ್ಣಕ್ಕಿಂತ ದಪ್ಪ. ಸಣ್ಣ ಗೀರು ಬಿಸಿಲಿನ ಕಾವಿಗೆ ತಾನೇ ಕೂಡಿಕೊಳ್ಳುತ್ತದೆ. ಪೂರ್ತಿ ಕಾರಿಗೆ ಮಾಡಿಸಿದರೆ ಬಿಲ್ಲು ಲಕ್ಷ ದಾಟುವುದು ಮಾಮೂಲು, ಬಹುತೇಕರಿಗೆ ಅದು ಬೇಕಿಲ್ಲ. ಮುಂದಿನ ಬಂಪರ್, ಬಾನೆಟ್, ಕನ್ನಡಿ, ಬಾಗಿಲ ಹಿಡಿಯ ಒಳಗುಳಿ, ಡಿಕ್ಕಿಯ ಹೊಸ್ತಿಲು, ಇಷ್ಟಕ್ಕೆ ಹಾಕಿಸಿದರೆ ಸಾಕು. ಅಗ್ಗಕ್ಕೆ ಕೊಡುವವರು ಪಿವಿಸಿ ಹಾಕುತ್ತಾರೆ, ಒಂದೆರಡು ಬೇಸಿಗೆಗೆ ಹಳದಿಯಾಗುತ್ತದೆ. ತುಂಡೊಂದನ್ನು ಕೇಳಿ ಪಡೆದು, ಹಿತ್ತಾಳೆ ಬ್ರಶ್ಶಿನಿಂದ ಗೀಚಿ ಬಿಸಿನೀರು ಸುರಿಯಿರಿ. ಟಿಪಿಯು ಆದರೆ ಗೀರು ಕಣ್ಣೆದುರೇ ಮಾಯ. ಪಿಪಿಎಫ್ ಇದ್ದ ಕಾರನ್ನು ಮೆಷಿನ್ನಿಗೆ ಹಾಕಬಹುದು, ಅಂಚು ಎದ್ದಿಲ್ಲವೆಂದು ಖಾತ್ರಿಯಾದರೆ ಮಾತ್ರ. ಎದ್ದ ಅಂಚಿಗೆ ಬ್ರಶ್ಶು ಸಿಕ್ಕರೆ ಹಾಳೆ ಕಿತ್ತು ಬರುತ್ತದೆ.

ಆಗಲೇ ಗೀರು ಬಿದ್ದಿದ್ದರೆ

ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶಿಗೆ ಹೋಗದ ಆಳ. ಸಿಕ್ಕದಿದ್ದರೆ ಮೆಷಿನ್ ಪಾಲಿಶ್‌ನಲ್ಲಿ ಬಹುಪಾಲು ಹೋಗುತ್ತದೆ. ಒಂದು ಹದವಾದ ಪಾಲಿಶ್ ಒಂದರಿಂದ ಮೂರು ಮೈಕ್ರಾನ್ ಕ್ಲಿಯರ್ ಕೋಟ್ ತಿನ್ನುತ್ತದೆ, ಖಾರವಾದ ಕಾಂಪೌಂಡ್ ಇನ್ನೂ ಹೆಚ್ಚು. ಸರ್ವಿಸ್ ಜೊತೆ ಪ್ರತಿಸಲ 'ರಬ್ಬಿಂಗ್-ಪಾಲಿಶ್' ಸೇರಿಸಿಕೊಳ್ಳುವ ಅಭ್ಯಾಸ ಇರುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಕ್ಲಿಯರ್ ಕೋಟ್ ಬೇಕಾದಷ್ಟು ಇಲ್ಲ, ಯುವಿ ತಡೆಯುವ ಪದರ ತೆಳುವಾದರೆ ಟಾಪ್ ಮೇಲೆ ಬಿಳಿ ಮಚ್ಚೆ ಎದ್ದು ಸಿಪ್ಪೆ ಸುಲಿಯಲು ಶುರುವಾಗುತ್ತದೆ. ಪಾಲಿಶ್ ಮಾಡುವವರ ಹತ್ತಿರ ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯೇ ಕೇಳಿ. ಇಲ್ಲದವರಿಗೆ ಕೊಡಬೇಡಿ. ಅಳತೆ 200 ಮೈಕ್ರಾನ್ ದಾಟಿದ ಪ್ಯಾನೆಲ್ ಹೆಚ್ಚಾಗಿ ಹಿಂದೆ ಟಿಂಕರಿಂಗ್-ಪೇಂಟಿಂಗ್ ಆದದ್ದು.

ಇನ್ನು ಹೊಸ ಕಾರುಗಳ ಬಾಗಿಲ ನಡುಗಂಬದ ಮೇಲಿನ ಹೊಳೆಯುವ ಕಪ್ಪು ಪ್ಲಾಸ್ಟಿಕ್, ಪಿಯಾನೋ ಬ್ಲ್ಯಾಕ್. ಬಹಳಷ್ಟು ಕಾರುಗಳಲ್ಲಿ ಇದಕ್ಕೆ ಕ್ಲಿಯರ್ ಕೋಟ್ ಇರುವುದಿಲ್ಲ, ಒಂದೇ ಒಂದು ಬ್ರಶ್ ವಾಶಿಗೆ ಕಣ್ಣಿಗೆ ಹೊಡೆಯುವಷ್ಟು ಗೀರು. ಕಾರು ಬಂದ ವಾರವೇ ಇದಕ್ಕೆ ಮಾತ್ರ ಪಿಪಿಎಫ್ ತುಂಡು ಹಾಕಿಸುವುದು ಸಣ್ಣ ಖರ್ಚು. ಮ್ಯಾಟ್ ಬಣ್ಣ, ಮ್ಯಾಟ್ ರ‍್ಯಾಪ್ ಇರುವ ಗಾಡಿಗೆ ಬ್ರಶ್ಶೂ ಇಲ್ಲ, ವ್ಯಾಕ್ಸೂ ಇಲ್ಲ, ಏಕೆಂದರೆ ಅಲ್ಲಲ್ಲಿ ಹೊಳಪು ಕೂತರೆ ತೆಗೆಯುವ ದಾರಿಯಿಲ್ಲ. ಡಿಕ್ಕಿ ಹೊಡೆದು ಹೊಸದಾಗಿ ಪೇಂಟ್ ಮಾಡಿಸಿದ ಪ್ಯಾನೆಲ್ ಇದ್ದರೆ ಕನಿಷ್ಠ 30 ದಿನ ಮೆಷಿನ್ನಿಗೆ ಹಾಕಬೇಡಿ, ವ್ಯಾಕ್ಸೂ ಹಚ್ಚಬೇಡಿ. ಒಳಗಿನ ಥಿನ್ನರ್ ಹೊರಬಂದು ಬಣ್ಣ ಗಟ್ಟಿಯಾಗಲು ಅಷ್ಟು ದಿನ ಬೇಕು. ಅಷ್ಟರವರೆಗೆ ಬರೀ ನೀರು, ಮೆತ್ತನೆ ಮಿಟ್ಟು, ನೆರಳು.